ಮಣೆಯ ಮೇಲಿನ ಮೂರನೆಯ ಲಿಂಗ

ನಮ್ಮ ಕುರುಗೋಡಿನ ಮನೆಯಲ್ಲಿ ಬೆಳಗಿನ ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬೈಯುವುದಿದ್ದರೂ ಅವ್ವ ಪಿಸುದನಿಯಲ್ಲಿಯೇ ಬೈಯುತ್ತಿದ್ದಳು. ಮಣ್ಣಿನ ಮಾಳಿಗೆಯ ಮನೆ ಅದು. ತಲೆಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಗೆ ಅಂಟಿಕೊಂಡು ಒಂದು ಪುಟ್ಟ ದೇವರ ಕೋಣೆ. ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ತಟ್ಟೆಯಗಲದ ಬಿಸಿಲು ಗೋಡೆಗೆ ಬಿದ್ದು, ಹೊತ್ತು ಏರಿದಂತೆ ನೆಲಕ್ಕೆ ಇಳಿಯುತ್ತಿತ್ತು. ಮನೆಯ ನಾಲ್ವರೂ ಸ್ನಾನ ಮಾಡಿ, ಒಬ್ಬರಾದ ಮೇಲೆ ಒಬ್ಬರು ಆ ಕೋಣೆಗೆ ಹೋಗಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡಬೇಕು. ಅದಾಗುವ ತನಕ ಬಾಯಿಗೆ ನೀರೂ ಇಲ್ಲ. ಅಪ್ಪನದು ಬೇಗ ಮುಗಿಯುತ್ತಿತ್ತು. ಹತ್ತಿ ಹೊಲಕ್ಕೆ ಹೋಗುವ ಅವಸರದಲ್ಲಿ ಅವನು ಒಳಗೆ ಹೋದದ್ದೂ ಹೊರಗೆ ಬಂದದ್ದೂ ಒಂದೇ ಉಸಿರಿನಲ್ಲಿ ಅನ್ನಿಸುತ್ತಿತ್ತು. ಅವ್ವ ಎಲ್ಲಿ ತಪ್ಪಾದೀತೋ ಎಂಬ ಹೆದರಿಕೆಯಲ್ಲಿ ಪೂಜೆ ಮಾಡುತ್ತಿದ್ದಳು. ಒಂದು ಬಿಲ್ವಪತ್ರೆ ಕೈಜಾರಿ ಬಿದ್ದರೂ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಅಕ್ಕ ಮಾತ್ರ ಬೇರೆ.

ಅಕ್ಕನ ಹೆಸರು ಗಂಗಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ಮೋಕ ಎಂಬ ಊರಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷವೇ ಗಂಡ ಜ್ವರ ಬಂದು ಹೋದ. ಮಕ್ಕಳಿಲ್ಲ. ಒಂದು ತಗಡಿನ ಟ್ರಂಕು, ಎರಡು ಸೀರೆ, ಒಂದು ಹಿತ್ತಾಳೆ ಚೊಂಬು ತೆಗೆದುಕೊಂಡು ಚಕ್ಕಡಿಯಲ್ಲಿ ವಾಪಸು ಬಂದಿಳಿದಳು. ಇನ್ನು ಈ ಮನೆಯಲ್ಲಿ ಅಳುವುದೇ ಕೆಲಸವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅಕ್ಕ ದೇವರ ಕೋಣೆಯಲ್ಲಿ ಬಿಸಿಲಿನ ತಟ್ಟೆ ನೇರ ಅಂಗೈ ಮೇಲೆ ಬೀಳುವ ಹಾಗೆ ಕುಳಿತುಕೊಳ್ಳುತ್ತಿದ್ದಳು. ಬಿಸಿಲು ಅಂಗೈ ದಾಟಿ, ಮಂಡಿ ದಾಟಿ, ನೆಲಕ್ಕೆ ಹೋದರೂ ಏಳುತ್ತಿರಲಿಲ್ಲ. ಎದ್ದು ಬಂದಾಗ ಅವಳ ಮುಖ, ಎಷ್ಟೋ ದಿನದ ಮೇಲೆ ತವರಿಗೆ ಹೋಗಿಬಂದ ಹೆಣ್ಣುಮಕ್ಕಳ ಮುಖದ ಹಾಗೆ ಇರುತ್ತಿತ್ತು. ಆಮೇಲೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ, ಬಡಿತಕ್ಕೆ ಸರಿಯಾಗಿ ಏನಾದರೂ ಹಾಡಿಕೊಳ್ಳುತ್ತಿದ್ದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ಅವಳ ಹಾಡು, ಇಷ್ಟು ಸೇರಿದರೆ ನಮ್ಮ ಮನೆಯ ಬೆಳಗು. ಪಕ್ಕದ ಮನೆಯ ಮುದುಕಿಗೆ ಇದು ಸಹಿಸುತ್ತಿರಲಿಲ್ಲ. ಗಂಡ ಸತ್ತವಳ ಮುಖದಲ್ಲಿ ಇಷ್ಟು ಕಳೆ ಯಾಕೆ ಎಂದು ಒಂದು ದಿನ ನೇರ ಕೇಳಿಯೇಬಿಟ್ಟಳು. ಅಕ್ಕ ತವೆಯ ಮೇಲಿನ ರೊಟ್ಟಿ ತಿರುವಿಹಾಕುತ್ತ ನಕ್ಕಳು.

“ಕಳಿ ನಂದಲ್ಲಬೇ. ಒಳಗ ಕುಂತಾನಲ್ಲ, ಅವಂದು.”

ನನಗೆ ಆ ನಗುವಿನ ಮೇಲೆ ಹೊಟ್ಟೆಕಿಚ್ಚು. ಇದನ್ನು ಈಗ ಬರೆಯುವುದು ಸುಲಭ, ಆಗ ನನಗೆ ಅದರ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಚಿಕ್ಕವಳು ನಾನು. ಹೊಸ ಲಂಗ ನನಗೆ, ಹಾಲಿನ ಕೆನೆ ನನಗೆ, ಸಾಲೆ ನನಗೆ. ಅಕ್ಕನನ್ನು ಸಾಲೆಗೆ ಕಳಿಸಿರಲಿಲ್ಲ; ನನ್ನನ್ನು ಮೂರನೆಯ ಕ್ಲಾಸಿನ ತನಕ ಕಳಿಸಿದರು. ಅಪ್ಪ ಬಳ್ಳಾರಿಯಿಂದ ಅಕ್ಕನಿಗೆ ಹೊಸ ಕರಡಿಗೆ ತಂದಾಗ ನನಗೂ ಅಂಥದ್ದೇ ಬೇಕೆಂದು ಎರಡು ದಿನ ಹಟ ಮಾಡಿ, ಅದೇ ಅಂಗಡಿಯಿಂದ ಅದೇ ಅಳತೆಯದನ್ನು ತರಿಸಿಕೊಂಡಿದ್ದೆ. ಇಷ್ಟೆಲ್ಲ ಇದ್ದರೂ ದೇವರ ಕೋಣೆಯಲ್ಲಿ ಕುಳಿತರೆ ನನ್ನ ಅಂಗೈಯಲ್ಲಿ ಇರುತ್ತಿದ್ದುದು ಒಂದು ಕರಿ ಕಲ್ಲು. ನಾನು ಅದನ್ನು ನೋಡುತ್ತಿದ್ದೆ. ಹೊರಗೆ ಕರು ಕೂಗಿದರೆ ಕರುವಿನ ಕಡೆ ಮನಸ್ಸು, ಹೊಗೆ ಬಂದರೆ ಒಲೆಯ ಕಡೆ. ಒಂದು ದಿನ ತಡೆಯಲಾರದೆ, ನಿನಗೆ ಅದರಲ್ಲಿ ಏನು ಕಾಣುತ್ತದೆ ಎಂದು ಅಕ್ಕನನ್ನು ಕೇಳಿದೆ.

“ಕಾಣಾದು ಏನೂ ಇಲ್ಲ ಈರಿ. ಅಂವ ನನ್ನ ನೋಡ್ತಾನ, ಅಷ್ಟ. ನಾ ನೋಡ್ಸಿಕೊಂಡು ಕುಂದರ್ತೀನಿ.”

“ನಂದು ನನ್ನ ನೋಡವಲ್ದು.”

“ನೋಡ್ತಾನ ತಗ. ನಿಂದು ಬುಡ ಊರಿದ್ರ ಅಲ್ಲೇನು ನೋಡಾದು? ಒಂದ್ ಗಳಿಗಿ ಕುಂದರಂಗಿಲ್ಲ ನೀ.”

ಅಕ್ಕ ತಮಾಷೆಗೆ ಹೇಳಿದಳು. ನಾನು ನನ್ನದೇ ಲೆಕ್ಕ ಹಾಕಿದೆ. ಅಕ್ಕನಿಗೆ ಲಿಂಗ ಕಟ್ಟಿದವರು ಮಠದ ಹಿರಿಯ ಗುರುಗಳು. ಅವರ ಬಗ್ಗೆ ಊರಿನಲ್ಲಿ ಏನೇನೋ ಹೇಳುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅವರು ಇರಲಿಲ್ಲ. ನನಗೆ ಕಟ್ಟಿದವರು ಆಮೇಲೆ ಬಂದ ಚಿಕ್ಕ ಅಯ್ಯನವರು. ಅಕ್ಕನ ಲಿಂಗಕ್ಕೆ ಕಣ್ಣಿದೆ, ನನ್ನದಕ್ಕೆ ಇಲ್ಲ. ಅಕ್ಕನ ಸುಖವೆಲ್ಲ ಆ ಕಲ್ಲಿನೊಳಗೆ ಇದೆ. ಹೀಗೆಂದು ಹನ್ನೊಂದು ವರ್ಷದ ನಾನು ಗಟ್ಟಿಯಾಗಿ ನಂಬಿದೆ. ಇಷ್ಟಲಿಂಗ ಎಂದರೆ ಗುರು ಒಬ್ಬರಿಗೆಂದೇ ಕೊಟ್ಟದ್ದು, ಇನ್ನೊಬ್ಬರದನ್ನು ಮುಟ್ಟುವುದೂ ತಪ್ಪು ಎಂಬುದು ಗೊತ್ತಿದ್ದೂ ನಂಬಿದೆ.

ಆ ವರ್ಷವೇ ಸಿರುಗುಪ್ಪದಿಂದ ಅಕ್ಕನನ್ನು ಕೇಳಿಕೊಂಡು ಬಂದರು. ನಮ್ಮವರಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಮನೆಗೆ ಕೊಡುವ ಉಡಿಕೆ ಪದ್ಧತಿ ಇತ್ತು. ಬಂದವನ ಹೆಸರು ಚೆನ್ನಬಸಪ್ಪ. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಕೆಂಚನಗುಡ್ಡದ ಹತ್ತಿರ ಹೊಳೆಯ ದಂಡೆಯಲ್ಲಿ ಭತ್ತದ ಗದ್ದೆ. ನಮ್ಮ ಎರೆಹೊಲದ ಕಡೆ ಅಕ್ಕಿ ಎಂದರೆ ಹಬ್ಬ. ಅವನು ಒಂದು ಚೀಲ ಸಣ್ಣಕ್ಕಿ ಹೊರಿಸಿಕೊಂಡು ಬಂದಿದ್ದ. ಪಡಸಾಲೆಯ ಕಂಬಕ್ಕೆ ಒರಗದೆ, ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅಕ್ಕ ನೀರಿನ ಚೊಂಬು ಇಟ್ಟು ಒಳಗೆ ಬಂದಳು. ಅಪ್ಪ ಸುಮ್ಮನೆ ಮಾತಿಗೆ, ನಿಮ್ಮ ಕಡೆ ನೀರು ಹೇಗೆ ಎಂದು ಕೇಳಿದ.

“ನೀರಿಗೆ ಬರ ಇಲ್ರಿ ನಮ್ಮೂರಾಗ. ಮನಿಯಾಗ ಮಾತಿಗೇ ಬರ.”

ಅಡಿಗೆಮನೆಯಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನು ಕಂಡೆ. ಅದು ದೇವರ ಕೋಣೆಯಿಂದ ಬರುವಾಗಿನ ನಗು ಅಲ್ಲ. ಬೇರೆ ನಗು, ನಾನು ಅದುವರೆಗೆ ಕಂಡಿರದಿದ್ದದ್ದು. ಆ ವಾರ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹರಗೋಲಿನಲ್ಲಿ ಕುಳಿತು ಹೊಳೆ ದಾಟುವಾಗ ಹೆಂಗಸರಿಗೆ ಹೆದರಿಕೆಯಾಗುವುದಿಲ್ಲವೇ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಎಲ್ಲರ ಮುಂದೆ ಅವಳನ್ನು ಕೂರಿಸಿಕೊಂಡು, ನಿನ್ನ ಮನಸ್ಸು ಹೇಳು, ಯಾರೂ ನಿನ್ನ ಮೇಲೆ ಹೊರಿಸುವುದಿಲ್ಲ ಎಂದ. ಹೆಣ್ಣುಮಕ್ಕಳನ್ನು ಹಾಗೆ ಕೇಳುವುದು ಆಗ ಅಪರೂಪ.

“ಐದು ಸೋಮವಾರ ತಡಿಯಪ್ಪ. ಕೇಳಿ ಹೇಳ್ತೀನಿ,” ಎಂದಳು ಅಕ್ಕ. ಯಾರನ್ನು ಕೇಳುತ್ತಾಳೆಂದು ಯಾರೂ ಕೇಳಲಿಲ್ಲ.

ಎರಡನೆಯ ಸೋಮವಾರ ಕಳೆದ ಮೇಲೆ ಮಠದ ಅಯ್ಯನವರು ಕಂತಿ ಹಾಕಲು ಬಂದರು. ಲಿಂಗದ ಕಲ್ಲಿನ ಮೇಲೆ ಕಪ್ಪಗೆ ಹೊಳೆಯುವ ಲೇಪ ಇರುತ್ತದೆ, ಅದಕ್ಕೆ ಕಂತಿ ಎನ್ನುತ್ತಾರೆ. ವರ್ಷಗಟ್ಟಲೆ ನೀರು, ವಿಭೂತಿ ಬಿದ್ದು ಅದು ಬಿರುಕು ಬಿಟ್ಟರೆ ತೆಗೆದು ಹೊಸದಾಗಿ ಹಾಕಬೇಕು. ಅಯ್ಯನವರು ಬೆಳಗಿನಿಂದ ಕುಳಿತು ನಾಲ್ಕೂ ಲಿಂಗಗಳಿಗೆ ಲೇಪ ಹಚ್ಚಿ, ತಿಕ್ಕಿ ನುಣುಪು ಮಾಡಿ, ಪಡಸಾಲೆಯ ಮಣೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಒಂದೊಂದು ಬಿಲ್ವಪತ್ರೆಯ ಮೇಲೆ ಒಂದೊಂದನ್ನು ಆರಲು ಇಟ್ಟರು. ಮೊದಲನೆಯದು ಅಪ್ಪನದು, ಎರಡನೆಯದು ಅವ್ವನದು, ಮೂರನೆಯದು ಅಕ್ಕನದು, ನಾಲ್ಕನೆಯದು ನನ್ನದು. ಹಳೆಯ ಬಿರುಕು, ಕಲೆ ಎಲ್ಲ ಮುಚ್ಚಿಹೋಗಿ ನಾಲ್ಕೂ ಒಂದೇ ಥರ ಕಾಣುತ್ತಿದ್ದವು. ಯಾವುದು ಯಾರದೆಂದು ಹೇಳಲು ಸಾಲು ಬಿಟ್ಟರೆ ಬೇರೆ ಗುರುತಿರಲಿಲ್ಲ. ಲಿಂಗ ಮೈಮೇಲೆ ಇಲ್ಲದ್ದರಿಂದ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕಿರಲಿಲ್ಲ. ಅಯ್ಯನವರು ಅಪ್ಪನೊಡನೆ ಬಾವಿಗೆ ಸ್ನಾನಕ್ಕೆ ಹೋದರು. ಅವ್ವ ಒಲೆಯ ಮುಂದೆ, ಅಕ್ಕ ಪತ್ರೆ ತರಲು ಗುಡಿಯ ಕಡೆ. ನನ್ನನ್ನು ಮಣೆಯ ಹತ್ತಿರ ಕಾಯಲು ಕೂರಿಸಿ, ಕೈ ಹಚ್ಚಬೇಡ, ಇರುವೆ ಬಂದರೆ ಬಾಯಿಂದ ಊದು ಎಂದಿದ್ದರು. ನಾನು ಇರುವೆ ಊದಿದೆ. ಆಮೇಲೆ ಸುತ್ತ ನೋಡಿದೆ. ಹಸಿ ಲೇಪದ ಮೇಲೆ ಬೆರಳಿನ ಗುರುತು ಬೀಳಬಾರದೆಂದು, ಪತ್ರೆಯ ಸಮೇತ ಮೂರನೆಯದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ನಾಲ್ಕನೆಯದನ್ನು ಮೂರನೆಯದರ ಜಾಗಕ್ಕೆ ಇಟ್ಟೆ. ತೊಡೆಯ ಮೇಲಿನದನ್ನು ನಾಲ್ಕನೆಯದರ ಜಾಗಕ್ಕೆ ಇಟ್ಟೆ. ಅಯ್ಯನವರು ಬಂದು ಮಂತ್ರ ಹೇಳಿ ಸಾಲಿನ ಪ್ರಕಾರ ಒಬ್ಬೊಬ್ಬರ ಅಂಗೈಗೆ ಇಟ್ಟರು. ಅಕ್ಕ ತನಗೆ ಬಂದದ್ದನ್ನು ಕಣ್ಣಿಗೆ ಒತ್ತಿಕೊಂಡಳು.

ಮರುದಿನ ಅಕ್ಕ ದೇವರ ಕೋಣೆಯಿಂದ ಬಂದವಳು ಹಾಡಲಿಲ್ಲ. ಅದರ ಮರುದಿನವೂ ಇಲ್ಲ. ಬಿಸಿಲಿನ ತಟ್ಟೆ ಕೋಣೆಯೆಲ್ಲ ಸುತ್ತಿ ಮಾಯವಾದರೂ ಒಳಗೇ ಇರುತ್ತಿದ್ದಳು, ಎದ್ದು ಬಂದಾಗ ಏನೋ ಕಳೆದುಕೊಂಡು ಹುಡುಕುತ್ತಿರುವವಳ ಹಾಗೆ ಸುತ್ತ ನೋಡುತ್ತಿದ್ದಳು. ಕಲ್ಲು ಬೇರೆಯಾದದ್ದು ಅವಳ ಅಂಗೈಗೆ ತಿಳಿಯಿತೋ, ಇಲ್ಲ ಮದುವೆಯ ಮಾತು ಮನಸ್ಸನ್ನು ಕಲಕಿತ್ತೋ, ನಾನು ಇವತ್ತಿಗೂ ಹೇಳಲಾರೆ. ಒಂದು ದಿನ ಅವಳು ಅವ್ವನ ಮುಂದೆ ಬಾಯಿ ಬಿಟ್ಟಳು.

“ಯಾಕೋ ಯವ್ವ, ಅಂವ ನನ್ನ ನೋಡವಲ್ಲ.”

ಅವ್ವನಿಗೆ ಮೊದಲೇ ಹೆದರಿಕೆಯ ದೇವರು. ಮತ್ತೊಂದು ಮದುವೆಯ ಆಸೆ ಮಾಡಿದ್ದಕ್ಕೆ ಸಿಟ್ಟಾಗಿದ್ದಾನೇನೋ ಎಂದುಬಿಟ್ಟಳು. ಅಪ್ಪ ಕೇಳಿಸಿಕೊಂಡು ರೇಗಿದ. ಇಡೀ ಲೋಕ ನೋಡುವವನಿಗೆ ನಮ್ಮ ಹುಡುಗಿ ಸೀರೆ ಉಡುವುದನ್ನು ಕಾಯುವ ಕೆಲಸವೇ ಎಂದ. ಅವರಿಬ್ಬರೂ ಆ ವಾರವೆಲ್ಲ ಪಿಸುದನಿಯಲ್ಲಿ ಜಗಳವಾಡಿದರು. ಅಕ್ಕ ಮಧ್ಯಾಹ್ನದ ಊಟ ಬಿಟ್ಟಳು, ಆಮೇಲೆ ಮಜ್ಜಿಗೆಯನ್ನೂ ಬಿಟ್ಟಳು. ಬೆಳಿಗ್ಗೆ ಒಮ್ಮೆ ಕೂರುತ್ತಿದ್ದವಳು ಸಂಜೆಯೂ ಕೂರತೊಡಗಿದಳು. ಕೆನ್ನೆಯ ಎಲುಬು ಕಾಣಿಸಿತು. ನಾಲ್ಕನೆಯ ಸೋಮವಾರ, ಎತ್ತುಗಳಿಗೆ ಸೊಪ್ಪೆ ಹಾಕುತ್ತಿದ್ದ ನನ್ನನ್ನು ಹುಡುಕಿಕೊಂಡು ಬಂದಳು.

“ಈರಿ, ಅವತ್ತು ಮಣಿ ಹಂತೇಕ ನೀನ ಇದ್ದಿ. ಬೆಕ್ಕು ಗಿಕ್ಕು ದಾಟಿತ್ತೇನು? ಏನಾರ ಬಿದ್ದಿತ್ತೇನು?”

“ಇಲ್ಲಕ್ಕ.”

“ಹೆದರಬ್ಯಾಡ. ನಾ ಬೈಯಂಗಿಲ್ಲ, ಯಾರಿಗೂ ಹೇಳಂಗಿಲ್ಲ. ನನಗ ತಿಳಿದ್ರ ಸಾಕು.”

“ಇಲ್ಲ ಅಂದ್ನಲ್ಲ.”

“ಲಿಂಗ ಮುಟ್ಟಿ ಹೇಳು.”

ನಾನು ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೆ. ಒಳಗಿದ್ದದ್ದು ಅವಳದು. ಲಿಂಗದ ಆಣೆ, ಏನೂ ಆಗಿಲ್ಲ ಎಂದೆ. ಅಕ್ಕ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತಲೆ ಸವರಿದಳು.

“ಹಂಗಾರ ಇದು ಅವನ ಮಾತ ಐತಿ,” ಎಂದಳು.

ಹೆದರಿ ಸುಳ್ಳು ಹೇಳಿದೆ ಎಂದು ಬರೆದರೆ ಅದು ಅರ್ಧ ಸತ್ಯ. ಬೈಯುವುದಿಲ್ಲವೆಂದು ಅವಳೇ ಹೇಳಿದ್ದಳು, ಅಕ್ಕ ಮಾತಿಗೆ ತಪ್ಪುವವಳಲ್ಲ. ಹೇಳಿದರೆ ಅದನ್ನು ವಾಪಸು ಕೊಡಬೇಕಾಗುತ್ತಿತ್ತು. ಅದು ನನ್ನನ್ನು ಇನ್ನೂ ನೋಡಿರಲಿಲ್ಲ. ನಾನು ಅದಕ್ಕೆ ಹೊಸಬಳು, ಗುರುತು ಹಿಡಿಯಲು ದಿನ ಬೇಕೆಂದು ಕಾಯುತ್ತಿದ್ದೆ. ಐದನೆಯ ಸೋಮವಾರ ಅಕ್ಕ ಅಪ್ಪನಿಗೆ ಬೇಡವೆಂದಳು. ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಅಂಚೆಯ ಕಾರ್ಡು ತಂದು ನನ್ನ ಮುಂದೆ ಇಟ್ಟ. ನಮ್ಮ ಹುಡುಗಿಗೆ ಮನಸ್ಸಿಲ್ಲ, ತಪ್ಪು ತಿಳಿಯಬಾರದು ಎಂದು ಅವನು ಹೇಳಿದ್ದನ್ನು ನನ್ನ ಮೂರನೆಯ ಕ್ಲಾಸಿನ ದುಂಡು ಅಕ್ಷರದಲ್ಲಿ ಬರೆದೆ. ಅಕ್ಷರ ಚಂದ ಐತಿ ಎಂದು ಅಪ್ಪ ಬೆನ್ನು ತಟ್ಟಿದ. ಅಕ್ಕ ಅಡಿಗೆಮನೆಯಲ್ಲಿ ಆ ಸಣ್ಣಕ್ಕಿಯ ಕೊನೆಯ ಸೇರನ್ನು ಆರಿಸುತ್ತಿದ್ದಳು.

ಒಂದು ವರ್ಷ ಅಕ್ಕ ಹಾಡಲಿಲ್ಲ. ಆದರೂ ಕೂರುವುದನ್ನು ಬಿಡಲಿಲ್ಲ. ನೋಡದವನ ಮುಂದೆ ದಿನಾಲೂ ಹೋಗಿ ಕುಳಿತಳು. ಆಮೇಲೆ ಒಂದು ಬೆಳಿಗ್ಗೆ ರೊಟ್ಟಿಯ ಬಡಿತದ ಜೊತೆಗೆ ಮೆಲ್ಲಗೆ ದನಿ ಕೇಳಿಸಿತು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳಿಸಿಕೊಂಡಳು. ಮೊದಲಿನ ಹಾಡಿಗಿಂತ ತಗ್ಗಿದ ದನಿ, ಆದರೆ ಅದೇ ಮುಖ. ನನಗೆ ಆಗ ಹನ್ನೆರಡು ವರ್ಷ. ನನ್ನ ಅಂಗೈಯಲ್ಲಿ ಅಷ್ಟು ವರ್ಷ ಸುಮ್ಮನೆ ಕುಳಿತಿದ್ದ ಕಲ್ಲು ಅವಳನ್ನು ನೋಡಿತ್ತು. ಅವಳ ಕಲ್ಲು ನನ್ನನ್ನು ನೋಡಿರಲಿಲ್ಲ. ಸುಖ ಕಲ್ಲಿನಲ್ಲಿ ಇರಲಿಲ್ಲ ಎಂಬುದು ಆ ಬೆಳಿಗ್ಗೆಯೇ ನನಗೆ ಗೊತ್ತಾಯಿತು. ಗೊತ್ತಾದ ಮೇಲಾದರೂ ಹೇಳಬಹುದಿತ್ತು. ಈಗ ಸುಖವಾಗಿದ್ದಾಳಲ್ಲ, ಯಾಕೆ ಕೆಡಿಸಬೇಕು ಎಂದುಕೊಂಡೆ. ಸುಳ್ಳು ಹೇಳುವವರಿಗೆ ಇಂಥ ದಯೆ ಬಹಳ ಇರುತ್ತದೆ.

ನನ್ನನ್ನು ಹದಿನೈದಕ್ಕೆ ಬಳ್ಳಾರಿಗೆ ಕೊಟ್ಟರು. ಗಂಡ ಹತ್ತಿ ಜಿನ್ನಿನಲ್ಲಿ ಗುಮಾಸ್ತ, ಒಳ್ಳೆಯವನು. ಕೌಲ್ ಬಜಾರಿನ ಎರಡು ಕೋಣೆಯ ಮನೆಯಲ್ಲಿ, ಅಕ್ಕಪಕ್ಕದ ತೆಲುಗು ಮಾತು, ಜಟಕಾದ ಸದ್ದು, ಅತ್ತೆಯ ಕೆಮ್ಮಿನ ನಡುವೆ ನಾನು ಅಕ್ಕನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದೆ. ಒಮ್ಮೆ ಗಂಡನ ಕಡೆಯವರ ಮದುವೆಗೆಂದು ಸಿರುಗುಪ್ಪಕ್ಕೆ ಹೋಗಿದ್ದಾಗ ಚಪ್ಪರದಲ್ಲಿ ಚೆನ್ನಬಸಪ್ಪನನ್ನು ಕಂಡೆ. ಹೆಗಲ ಮೇಲೆ ಒಂದು ಕೂಸು, ಇನ್ನೊಂದು ಧೋತರದ ಚುಂಗು ಹಿಡಿದುಕೊಂಡು ಏನೋ ಕೇಳುತ್ತಿತ್ತು, ಅವನು ಬಗ್ಗಿ ಬಗ್ಗಿ ಉತ್ತರ ಕೊಡುತ್ತಿದ್ದ. ನನ್ನ ಗುರುತು ಹಿಡಿದು, ನಿಮ್ಮಕ್ಕ ಆರಾಮ ಅದಾರೇನ್ರಿ ಎಂದ. ಅದಾಳ್ರಿ ಎಂದೆ. ತವರಿಗೆ ಹೋದಾಗ ಇದನ್ನು ಅಕ್ಕನಿಗೆ ಹೇಳಿದೆ. ಯಾಕೆ ಹೇಳಿದೆನೋ, ಒಳಗಿನದನ್ನು ಹೇಳಲಾರದವರು ಸುತ್ತಮುತ್ತಲಿನದನ್ನು ಹೇಳುತ್ತಾರೇನೋ. ಅಕ್ಕ ಹಿಟ್ಟು ನಾದುತ್ತಿದ್ದಳು.

“ಮಕ್ಕಳು ಯಾರಂಗ ಅದಾವು?” ಎಂದಳು.

“ಅಪ್ಪನಂಗ.”

“ಹಂಗಾರ ಮಾತು ಬಾಳ ಇರತೈತಿ ಮನಿಯಾಗ,” ಎಂದು ನಕ್ಕು, ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು. ಹೊಗೆ ಇರಲಿಲ್ಲ, ಆದರೂ ಕಣ್ಣು ಒರೆಸಿಕೊಂಡಳು. ಅಕ್ಕ ಸುಖಿಯಾಗಿದ್ದಳು ಎಂದು ಊರೆಲ್ಲ ಹೇಳುತ್ತದೆ. ನಾನೂ ಹೇಳುತ್ತೇನೆ. ಆದರೆ ಅವಳಿಗೆ ಎರಡು ಸುಖಗಳ ದಾರಿ ಇತ್ತು, ಒಂದನ್ನು ನಾನು ಮುಚ್ಚಿದೆ.

ನನಗೆ ಹತ್ತೊಂಬತ್ತು ತುಂಬಿದ ವರ್ಷ ಅಕ್ಕನಿಗೆ ವಿಷಮಜ್ವರ ಬಂತು. ಬಳ್ಳಾರಿಯಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಬೆಳಗಿನ ಹೊತ್ತಿಗೇ ಲಿಂಗೈಕ್ಯಳಾಗಿದ್ದಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುಳಿತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಬದುಕಿದ್ದಾಗ ಪೂಜಿಸಿದ ಲಿಂಗವನ್ನು ಎಡಗೈಯಲ್ಲಿಟ್ಟು ಬೆರಳು ಮಡಿಸುತ್ತಾರೆ. ಬಚ್ಚಲಲ್ಲಿ ನೀರು ಹಾಕುವಾಗ ಅವ್ವ ಅಕ್ಕನ ಕೊರಳಿನಿಂದ ಕರಡಿಗೆ ತೆಗೆದು ನನಗೆ ಕೊಟ್ಟು, ನೆಲಕ್ಕೆ ಇಡಬೇಡ ಎಂದಳು. ನಾನು ಅದನ್ನು ಹಿಡಿದುಕೊಂಡು ದೇವರ ಕೋಣೆಗೆ ಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿ ಕುಳಿತು, ನನ್ನ ಕೊರಳಿನದನ್ನೂ ತೆಗೆದು, ಎರಡೂ ಕರಡಿಗೆ ಬಿಚ್ಚಿದೆ. ಬಲಗೈಯಲ್ಲಿ ಗುರುಗಳು ಅಕ್ಕನಿಗೆಂದು ಕಟ್ಟಿದ ಲಿಂಗ. ಎಡಗೈಯಲ್ಲಿ ಏಳು ವರ್ಷ ಅವಳನ್ನು ನೋಡಿದ ಲಿಂಗ. ಬದಲಾಯಿಸಲು ಒಂದು ಗಳಿಗೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾರಿಗೂ ಹೇಳಬೇಕಾಗಿಯೂ ಇರಲಿಲ್ಲ.

ಅಷ್ಟು ವರ್ಷ ಪೂಜಿಸಿದ ಮೇಲೆ ನನ್ನದೇ ಅವಳದಾಗಿತ್ತು, ಅದನ್ನು ಕೊನೆಯಲ್ಲಿ ಕಸಿದುಕೊಳ್ಳುವುದು ಎರಡನೆಯ ಕಳ್ಳತನವಾಗುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾವ ಅಯ್ಯನವರನ್ನು ಕೇಳಿದರೂ ಬಹುಶಃ ಹೌದೆನ್ನುತ್ತಿದ್ದರು. ಆದರೆ ಆ ಮಾತು ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆ ಗಳಿಗೆಯಲ್ಲಿ ನಾನು ಅಂಥದ್ದೇನೂ ಯೋಚಿಸಲಿಲ್ಲ. ಎರಡೂ ಅಂಗೈಗಳನ್ನು ನೋಡಿದೆ, ಎರಡೂ ಬೇಕೆನಿಸಿತು. ಸತ್ತ ಅಕ್ಕ ಬಚ್ಚಲಲ್ಲಿರುವಾಗ, ನನಗೆ ಹಾಗೆ ಅನಿಸಿತು. ಒಂದನ್ನು ಕೊಡಲೇಬೇಕಾದಾಗ, ಅವಳಿಗೆಂದು ಕಟ್ಟಿದ್ದನ್ನು ಇಟ್ಟುಕೊಳ್ಳಬೇಕೆನಿಸಿತು.

“ಈರಿ, ತಾರವ್ವ,” ಎಂದು ಅವ್ವ ಕೂಗಿದಳು.

ಬಲಗೈಯದನ್ನು ನನ್ನ ಕರಡಿಗೆಗೆ ಹಾಕಿ ಮುಚ್ಚಿದೆ. ಎಡಗೈಯದನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕನ ಅಂಗೈಯಲ್ಲಿ ಅವ್ವ ಅದನ್ನಿಟ್ಟು, ಹೆಬ್ಬೆರಳಿನಿಂದ ಹಿಡಿದು ಒಂದೊಂದೇ ಬೆರಳು ಮಡಿಸಿದಳು. ಬೆರಳು ಸುಲಭವಾಗಿ ಮಡಚಿಕೊಂಡವು. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಸ್ನಾನ ಮಾಡಿ ಒಬ್ಬೊಬ್ಬರಾಗಿ ದೇವರ ಕೋಣೆಗೆ ಹೋದರು. ನನ್ನ ಸರದಿ ಕೊನೆಯದು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕುಳಿತು, ಅವಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಈಗ ಇನ್ನು ಯಾರೂ ಇಲ್ಲ, ನಾನೊಬ್ಬಳೇ, ಈಗಲಾದರೂ ನನ್ನನ್ನು ನೋಡು ಎಂದು ಕೇಳಿದೆ. ಕೇಳಿದ್ದು ಹಾಗೆಯೇ, ಅದೇ ಮಾತಿನಲ್ಲಿ. ಹೊರಗಿನಿಂದ ಅಪ್ಪ, ಸಾಕು ಏಳವ್ವ, ನಿಮ್ಮವ್ವ ನೀನು ಬರುವ ತನಕ ಉಣ್ಣುವುದಿಲ್ಲವಂತೆ ಎಂದ. ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕುಳಿತೆ. ಅವಳು ತನ್ನ ತಟ್ಟೆಯಿಂದ ಒಂದು ತುತ್ತು ಕಲಸಿ, ಇದ್ದ ಒಬ್ಬ ಮಗಳ ಬಾಯಿಗೆ ಇಟ್ಟಳು.